ಮಿಸ್ತ್ರಿ ಪಾನಾ ಹಿಡಿಯುವ ಮೊದಲು

ನಮ್ಮ ಓಣಿಯ ತುದಿಗೆ ಹಿಟ್ಟಿನ ಗಿರಣಿ, ಗಿರಣಿಗೆ ಹತ್ತಿಕೊಂಡು ಒಂದು ಸೈಕಲ್ ಅಂಗಡಿ. ಅಂಗಡಿಯ ಹಲಗೆಗಳು ಮೂರು ತಿಂಗಳಿಂದ ಹಾಕಿಯೇ ಇದ್ದವು. ಹೋದ ವಾರ ಜೋಳ ಬೀಸಿಸಲು ಹೋದಾಗ ತೆರೆದಿದ್ದವು. ಒಳಗೆ ಯಾರೋ ಹೊಸಬ ಸ್ಟೋವುಗಳನ್ನು ಸಾಲಾಗಿ ಇಟ್ಟುಕೊಂಡು ಒಂದೊಂದಕ್ಕೂ ಪಿನ್ನು ಹಾಕುತ್ತ ಕೂತಿದ್ದ. ಮಿಸ್ತ್ರಿ ಎಲ್ಲಿ ಎಂದು ಗಿರಣಿಯವನನ್ನು ಮರಾಠಿಯಲ್ಲಿ ಕೇಳಿದೆ. ಅವನು ಹಿಟ್ಟು ಬೀಳುವ ಬಾಯಿಯಿಂದ ಕೈ ತೆಗೆಯದೆ, "ಗೇಲೇ, ವಹಿನಿ" ಎಂದ. ಸೋಲಾಪುರದ ಮಗಳ ಮನೆಗೆಂದು ಹೋದವರು ಅಲ್ಲಿಯೇ ತೀರಿಹೋದರಂತೆ. ಆಗಲೇ ತಿಂಗಳಾಯಿತಂತೆ.

ಹಿಟ್ಟಿನ ಡಬ್ಬಿ ಬಿಸಿಯಾಗಿತ್ತು. ಅದನ್ನು ಸೊಂಟಕ್ಕೆ ಒತ್ತಿಕೊಂಡು ಮನೆಗೆ ಬರುತ್ತ ಯೋಚಿಸಿದೆ, ಈ ಮನುಷ್ಯರ ವಿಷಯ ನನಗೆ ಏನು ಗೊತ್ತು? ರೋಣದ ಕಡೆಯ ಯಾವುದೋ ಹಳ್ಳಿ. ಕಮ್ಮಾರರ ಮನೆತನ. ಹೆಂಡತಿ ಬಹಳ ಹಿಂದೆಯೇ ಹೋಗಿದ್ದರು, ಒಬ್ಬಳೇ ಮಗಳು. ಪುಣೆಗೆ ಯಾಕೆ ಬಂದರು, ಯಾವಾಗ ಬಂದರು, ನಾನು ಕೇಳಿರಲಿಲ್ಲ. ಅವರ ಎದುರು ನಿಂತಾಗ ಕೇಳುವ ಸರದಿ ನಮಗೆ ಬರುತ್ತಲೇ ಇರಲಿಲ್ಲ. ಅದು ಯಾವಾಗಲೂ ಅವರದೇ.

ಅಂಗಡಿಗೆ ಸೈಕಲ್ ತಂದವರನ್ನು ಅವರು ಮೊದಲು ಒಂದು ಮರದ ಪೆಟ್ಟಿಗೆಯ ಮೇಲೆ ಕೂಡಿಸುತ್ತಿದ್ದರು. ನಟ್ಟು ತಿರುಗಿಸುವ ಪಾನಾ ಗೋಡೆಯ ಮೊಳೆಯಲ್ಲಿ ತೂಗುತ್ತಲೇ ಇರುತ್ತಿತ್ತು. ಯಾವ ದಾರಿಯಿಂದ ಬರುತ್ತೀರಿ, ಹಿಂದೆ ಯಾರನ್ನು ಕೂಡಿಸಿಕೊಳ್ಳುತ್ತೀರಿ, ಸಪ್ಪಳ ಏರಿನಲ್ಲೋ ಇಳಿಜಾರಿನಲ್ಲೋ, ಮನೆಯಲ್ಲಿ ಗಾಡಿಯನ್ನು ಬಿಸಿಲಿಗೆ ನಿಲ್ಲಿಸುತ್ತೀರೋ ನೆರಳಿಗೋ. ನಾಡಿ ಹಿಡಿಯುವ ಮೊದಲು ವೈದ್ಯರು ಹಿಂದಿನ ದಿನದ ಊಟ ಕೇಳುವ ಹಾಗೆ. ಅವಸರದ ಗಿರಾಕಿಗಳು ಸಿಟ್ಟಾಗಿ ಪೆಟ್ಟಿಗೆಯಿಂದ ಎದ್ದು ಮುಂದಿನ ಅಂಗಡಿಗೆ ಹೋಗುತ್ತಿದ್ದರು. ಇವರು ಅವರ ಬೆನ್ನನ್ನೇ ನೋಡುತ್ತ, "ಬಲಗಡೆ ಪೆಡಲ್ ಬಾಗೇತಿ, ಅದಕ್ಕ ಆ ಮನಶ್ಯಾ ಹಂಗ ತೂಗ್ಯಾಡತಾನ" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು.

ಒಬ್ಬ ವಕೀಲರ ಸೀಟು ತಿಂಗಳಿಗೊಮ್ಮೆ ಎಡಕ್ಕೆ ವಾಲುತ್ತಿತ್ತಂತೆ. ಎಷ್ಟು ಸಲ ನೆಟ್ಟಗೆ ಮಾಡಿದರೂ ಮತ್ತೆ ಎಡಕ್ಕೆ. ಒಂದು ದಿನ ಮಿಸ್ತ್ರಿ ಸೀಟನ್ನು ಮುಟ್ಟದೆ, ವಕೀಲರನ್ನು ಹತ್ತಿಸಿ, ಅವರ ಹಿಂದೆ ಅರ್ಧ ಓಣಿ ನಡೆದುಕೊಂಡು ಹೋಗಿ, ನಿಲ್ಲಿಸಿ ಕೇಳಿದರಂತೆ: "ಕೋಟಿನ ಬಲಗಡೆ ಕಿಸೆದಾಗ ಏನೈತ್ರಿ ಸಾಹೇಬ್ರ?" ಎಲೆ ಅಡಿಕೆಯ ಹಿತ್ತಾಳೆ ಡಬ್ಬಿ. ಅದು ತೊಡೆಗೆ ಒತ್ತದಿರಲೆಂದು ಪಾಪ ವಕೀಲರು ಒಂದು ಮಗ್ಗುಲಿಗೇ ಕೂಡುತ್ತಿದ್ದರು. ಡಬ್ಬಿ ಬ್ಯಾಗಿಗೆ ಹೋಯಿತು, ಸೀಟು ನೆಟ್ಟಗೆ ನಿಂತಿತು. ಈ ಕಥೆಯನ್ನು ಮಿಸ್ತ್ರಿ ನನಗೆ ಮೂರು ಸಲವಾದರೂ ಹೇಳಿದ್ದಾರೆ. ಪ್ರತಿ ಸಲವೂ ಆ ಡಬ್ಬಿ ಸ್ವಲ್ಪ ದೊಡ್ಡದಾಗುತ್ತಿತ್ತು.

ಅವರು ಕನ್ನಡದವರು ಎಂದು ನಮಗೆ ತಿಳಿದಿದ್ದೇ ಎರಡು ವರ್ಷದ ಮೇಲೆ. ಅಲ್ಲಿಯತನಕ ಗಿರಣಿಗೆ ಹೋಗುವಾಗ ಬರುವಾಗ ನಮ್ಮ ಮಾತು ಮರಾಠಿಯಲ್ಲೇ. ಒಂದು ಬೆಳಿಗ್ಗೆ ಅವರು ಅಂಗಡಿಯ ಮೆಟ್ಟಿಲ ಮೇಲೆ ಕೂತು ಯಾವುದೋ ಗಾಲಿಯೊಳಗಿನ ಉಕ್ಕಿನ ಗುಂಡುಗಳನ್ನು ಅಂಗೈಗೆ ಸುರಿದುಕೊಂಡು ಎಣಿಸುತ್ತಿದ್ದರು. ತುಟಿಯೊಳಗೇ, "ಆರ, ಏಳ, ಎಂಟ..." ಅಲ್ಲಿಗೆ ನಿಂತಿತು. ಮತ್ತೆ ಮೊದಲಿಂದ ಎಣಿಸಿದರು. ಮತ್ತೆ ಎಂಟಕ್ಕೇ ನಿಂತಿತು.

"ಒಂಬತ್ತನೇದು ನಿಮ್ಮ ಕಾಲಬುಡಕ್ಕ ಅದರಿ" ಎಂದೆ.

"ಹೌದ್ರಿ" ಎಂದು ಬಗ್ಗಿ ಎತ್ತಿಕೊಂಡರು. ಎತ್ತಿಕೊಂಡ ಮೇಲೆ ಹಾಗೇ ಬಗ್ಗಿದಲ್ಲೇ ನಿಂತರು. ಆಮೇಲೆ ನಿಧಾನಕ್ಕೆ ತಲೆ ಎತ್ತಿ ನನ್ನನ್ನು ನೋಡಿದರು. "ಬಾಯಾರ, ಎಲ್ಲಿಯವ್ರು ನೀವು?"

"ನರಗುಂದ."

"ಮತ್ತ ಎರಡ ವರ್ಷ ಆತು, ಬಾಯಿ ಮುಚಗೊಂಡು ಯಾಕ ಕುಂತಿದ್ರಿ?"

"ನೀವೂ ಮುಚಗೊಂಡ ಕೂತಿದ್ರಿ."

ಅವರ ಮುಖ ಸಣ್ಣದು, ಕಿವಿ ದೊಡ್ಡವು. ಬಲಗಿವಿಯ ಮೇಲೆ ಒಂದು ಮೋಟು ಪೆನ್ಸಿಲ್ ಇರುತ್ತಿತ್ತು, ಅದರಿಂದ ಏನಾದರೂ ಬರೆದದ್ದನ್ನು ನಾನು ಕಂಡಿಲ್ಲ. ಅದರಿಂದ ಸಪ್ಪಳ ಕೇಳುತ್ತಿದ್ದರು. ತುದಿಯನ್ನು ಗಾಲಿಯ ನಡುವಿನ ಗುಂಬಕ್ಕೆ ಹಚ್ಚಿ, ಬುಡವನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ಗಾಲಿ ತಿರುಗಿಸುವುದು. ಆಗ ಗಿರಣಿಯವನಿಗೆ ಸುಮ್ಮನಿರು ಎಂದು ಕೈ ಮಾಡುತ್ತಿದ್ದರು. ಗಿರಣಿ ಸುಮ್ಮನಿರುವುದು ಹೇಗೆ? ಅವನು ಬೈಯುತ್ತಿದ್ದ, ಇವರು ಕಣ್ಣು ತೆರೆಯುತ್ತಿರಲಿಲ್ಲ.

ಇನ್ನೊಂದು ಅಭ್ಯಾಸ. ಬಿಚ್ಚಿದ ಸಾಮಾನನ್ನು ಎಲ್ಲೆಂದರಲ್ಲಿ ಇಡುತ್ತಿರಲಿಲ್ಲ. ಹಿಟ್ಟು ನಾದುವ ಒಂದು ಹಳೆಯ ಪರಾತದಲ್ಲಿ ಊಟದ ಎಲೆಗೆ ಬಡಿಸುವ ಕ್ರಮದಲ್ಲಿ ಇಡುತ್ತಿದ್ದರು. ಉಪ್ಪಿನ ಜಾಗಕ್ಕೆ ವಾಷರು, ಉಪ್ಪಿನಕಾಯಿಯ ಜಾಗಕ್ಕೆ ನಟ್ಟು, ಚಟ್ನಿ ಪಲ್ಯಗಳ ಸಾಲಿಗೆ ಬೋಲ್ಟು, ನಟ್ಟನಡುವೆ ಅನ್ನ ಬೀಳುವಲ್ಲಿ ದೊಡ್ಡ ಸಾಮಾನು. ನಾನು ನಕ್ಕಿದ್ದಕ್ಕೆ, "ಎಲಿ ಮುಂದ ಕುಂತಾಗ ಉಪ್ಪ ಎಲ್ಲೈತಿ ಅಂತ ಹುಡುಕತೀರೇನು? ಕೈ ತಾನ ಹೋಗತೈತಿ" ಎಂದರು. ನಗು ನಿಂತಿತು. ಹೌದಲ್ಲ ಅನಿಸಿತು.

ಇಷ್ಟು ಪರಿಚಯವಾದ ಮೇಲೆಯೇ ನಮ್ಮ ಮನೆಯವರ ಗಾಡಿಯ ಮಾತು ಬಂದದ್ದು.

ನಮ್ಮ ಮನೆಯವರ ಬಲಮೊಣಕಾಲು ಚಿಕ್ಕಂದಿನಲ್ಲಿ ಬಂದ ಜ್ವರದಿಂದಾಗಿ ಪೂರ್ತಿ ಮಡಚಲು ಬರುವುದಿಲ್ಲ. ನಡೆಯುತ್ತಾರೆ, ಆದರೆ ದೂರ ಆಗುವುದಿಲ್ಲ. ಸೈಕಲ್ ತುಳಿಯುವುದಂತೂ ಇಲ್ಲವೇ ಇಲ್ಲ. ಕಾಲು ನೋಡಿಯೇ ಎಷ್ಟೋ ಕಚೇರಿಗಳಲ್ಲಿ ಬೇಡವೆಂದರು. ಎರಡು ವರ್ಷ ಮನೆಯಲ್ಲಿ ಕೂತರು. ಯುದ್ಧ ಶುರುವಾದ ಮೇಲೆ ದೇಹೂ ರೋಡಿನ ಒಂದು ಡಿಪೋದಲ್ಲಿ ಕಾರಕೂನಿಕೆ ಸಿಕ್ಕಿತು. ಟೆಂಪರವರಿ. ಅಲ್ಲಿ ಕಾಲು ಕೇಳಲಿಲ್ಲ, ವೇಳೆ ಕೇಳಿದರು. ಬೆಳಿಗ್ಗೆ ಏಳೂವರೆಗೆ ಭೋಂಗಾ ಕೂಗುತ್ತದೆ. ಭೋಂಗಾ ಆದ ಮೇಲೆ ಗೇಟಿಗೆ ಬಂದವರ ಹೆಸರಿನ ಮುಂದೆ ಕೆಂಪು ಗೀಟು. ಮೂರು ಗೀಟು ಬಿದ್ದರೆ ಹೆಸರೇ ಇಲ್ಲ. ಬೆಳಗಿನ ರೈಲು ಮುಟ್ಟುವುದೇ ಭೋಂಗಾದ ಹೊತ್ತಿಗೆ, ಸ್ಟೇಷನ್ನಿನಿಂದ ಡಿಪೋಗೆ ಇನ್ನೂ ಎರಡು ಮೈಲಿ. ಹೀಗಾಗಿ ಮೊದಮೊದಲು ವಾರವಿಡೀ ಅಲ್ಲೇ ಯಾರದೋ ಪಡಸಾಲೆಯಲ್ಲಿ ಮಲಗಿ ಭಾನುವಾರ ಮಾತ್ರ ಮನೆಗೆ ಬರುತ್ತಿದ್ದರು.

ಇದನ್ನು ಕೇಳಿದ ಮಿಸ್ತ್ರಿ ಮೂರು ಭಾನುವಾರ ನಾವು ಬಾಡಿಗೆಗಿದ್ದ ವಾಡೆಗೆ ಬಂದರು. ನಮ್ಮ ಮನೆಯವರನ್ನು ಜಿನೆಯ ಮೆಟ್ಟಿಲು ಹತ್ತಿಸಿ ನೋಡಿದರು, ಇಳಿಸಿ ನೋಡಿದರು. ತೂಕ ಕೇಳಿದರು. ಎಡಗಾಲಿನ ಮೇಲೆ ಎಷ್ಟು ಹೊತ್ತು ನಿಲ್ಲುತ್ತೀರಿ ಎಂದು ನಿಲ್ಲಿಸಿ ಲೆಕ್ಕ ಮಾಡಿದರು. ನಮ್ಮತ್ತೆಯವರು ಒಳಗಿನಿಂದ, "ಇವರೇನು ಮದವಿ ಗಂಡು ನೋಡ್ಲಿಕ್ಕೆ ಬಂದಾರೇನು?" ಎಂದು ಕೇಳಿದ್ದು ಹೊರಗೂ ಕೇಳಿಸಿತು.

ನಾಲ್ಕನೆಯ ವಾರ ಹಳೇ ಸಾಮಾನು ಮಾರುವ ಜುನಾ ಬಜಾರಿನಿಂದ ತೆಂಗಿನಕಾಯಿಗಿಂತ ಸ್ವಲ್ಪ ದೊಡ್ಡದಾದ ಒಂದು ಇಂಜಿನ್ ಹೊತ್ತು ತಂದರು. ಮೊದಲು ಯಾವುದೋ ಬಂಗಲೆಯಲ್ಲಿ ನೀರೆತ್ತುತ್ತಿದ್ದದ್ದಂತೆ. ಅದನ್ನು ಒಂದು ಗಟ್ಟಿ ಸೈಕಲ್ಲಿನ ಹೊಟ್ಟೆಯೊಳಗೆ ಕೂಡಿಸಿದರು. ಪೆಡಲ್ ತೆಗೆದು ಕಾಲಿಡಲು ಪಟ್ಟಿ ಹಾಕಿದರು. ಇಂಜಿನ್ನಿನ ಚೈನು ಹಿಂದಿನ ಗಾಲಿಯನ್ನು ತಿರುಗಿಸಲು ಒಂದು ಹಲ್ಲಿನ ಚಕ್ರ ಬೇಕಲ್ಲ, ಅದನ್ನು ಗಾಲಿಯ ಕಡ್ಡಿಗಳಿಗೇ ಕಟ್ಟಿದರು. ಕಡ್ಡಿಗಳ ಒಳಗೊಂದು ಹೊರಗೊಂದು, ಹಳೇ ಮೋಟಾರು ಟಾಯರಿನಿಂದ ಕೊಯ್ದ ರಬ್ಬರಿನ ಬಳೆ. ಹೊರಗಿನ ಬಳೆಯ ಮೇಲೆ ಹಲ್ಲಿನ ಚಕ್ರ. ಎಲ್ಲ ಸೇರಿಸಿ ಒಂಬತ್ತು ಬೋಲ್ಟು. ಅಂದರೆ ಆ ರಬ್ಬರು ಕಡ್ಡಿಗಳನ್ನು ಕಚ್ಚಿ ಹಿಡಿದಿದೆ, ಅಷ್ಟೇ. ಕಚ್ಚಿದ್ದು ಬಿಟ್ಟರೆ ಇಂಜಿನ್ ಕೂಗುತ್ತದೆ, ಚಕ್ರ ತಿರುಗುತ್ತದೆ, ಗಾಲಿ ಮಾತ್ರ ಇದ್ದಲ್ಲೇ ಇರುತ್ತದೆ. ಇದನ್ನು ನನಗೆ ಅವರೇ ಎರಡು ಅಂಗೈಗಳ ನಡುವೆ ನನ್ನ ಲಟ್ಟಣಿಗೆ ಹಿಡಿದು ತೋರಿಸಿದ್ದರು.

ಗಾಡಿಗೆ ಅತ್ತೆಯವರು ಫಟಫಟಿ ಎಂದು ಹೆಸರಿಟ್ಟರು. ದಿನಾ ಬೆಳಿಗ್ಗೆ ಆರಕ್ಕೆ ಓಣಿಯಲ್ಲಿ ಅದನ್ನು ಹಿಂದಿನಿಂದ ನೂಕುವುದು ನನ್ನ ಕೆಲಸ. ಹತ್ತು ಹೆಜ್ಜೆ ನೂಕಿದರೆ ಫಟ್ ಎನ್ನುತ್ತಿತ್ತು, ಹೊಗೆ ಬಿಟ್ಟು ಹೊರಟೇಬಿಡುತ್ತಿತ್ತು. ನಳದ ಹತ್ತಿರ ಕೊಡ ಹಿಡಿದು ನಿಂತ ಹೆಂಗಸರು ನೋಡಿ ನಗುತ್ತಿದ್ದರು. ನನಗೆ ನಾಚಿಕೆ ಎರಡು ದಿನ ಮಾತ್ರ ಇತ್ತು. ಮೂರನೆಯ ದಿನದಿಂದ ಸೆರಗು ಸಿಕ್ಕಿಸಿಕೊಂಡು ನೂಕಿದೆ. ಗಂಡ ಸಂಜೆ ಮನೆಗೆ ಬರುತ್ತಾರೆ ಎನ್ನುವುದರ ಮುಂದೆ ಅದೆಷ್ಟರದು?

ಮಳೆಗಾಲದಲ್ಲಿ ಒಮ್ಮೆ ದಾಪೋಡಿಯ ಸೇತುವೆಯ ಮೇಲೆ ಮಿಲಿಟರಿ ಲಾರಿಗಳ ಸಾಲು ನಿಂತು ಒಂದು ಕೆಂಪು ಗೀಟು ಬಿತ್ತು. ದಸರೆಯ ಮರುದಿನ, ಶನಿವಾರ, ಎರಡನೆಯದು ಬಿತ್ತು. ಅಂದು ಆಕುರ್ಡಿ ದಾಟಿದ ಮೇಲೆ ಏರಿನಲ್ಲಿ ಇಂಜಿನ್ ಕೂಗುತ್ತಿತ್ತಂತೆ, ಗಾಡಿ ಹಿಂದಕ್ಕೆ ಬರುತ್ತಿತ್ತಂತೆ. ಇಳಿದು ನೂಕಿದರು. ಆಗಲಿಲ್ಲ. ಕಡೆಗೆ ಹುಲ್ಲಿನ ಬಂಡಿಯವನೊಬ್ಬ ಗಾಡಿಯನ್ನೂ ಇವರನ್ನೂ ಹುಲ್ಲಿನ ಮೇಲೆ ಹೇರಿಕೊಂಡು ಗೇಟಿಗೆ ಮುಟ್ಟಿಸಿದಾಗ ಒಂಬತ್ತಾಗಿತ್ತು. ಸಂಜೆಯೂ ಹಾಗೇ, ಇನ್ನೊಂದು ಬಂಡಿ. ಮನೆಗೆ ಬಂದವರು ಊಟಕ್ಕೂ ಕೂಡದೆ ದೊಡ್ಡ ಪಾನಾ ತಂದು ಒಂಬತ್ತೂ ಬೋಲ್ಟುಗಳನ್ನು ಹಲ್ಲು ಕಚ್ಚಿ ಬಿಗಿದರು. ಓಣಿಯಲ್ಲಿ ನೂಕಿ ನೋಡಿದೆವು. ಜಾರಿತು. ಇನ್ನೂ ಬಿಗಿದರು. ಒಂದು ಕಡ್ಡಿ ಟಿಣ್ ಎಂದು ಮುರಿಯಿತು.

"ಸೋಮವಾರ ಇನ್ನೊಂದು ಗೀಟು" ಎಂದರು ಅವರು.

ಭಾನುವಾರ ಬೆಳಿಗ್ಗೆ, ಸುದ್ದಿ ತಿಳಿದು, ಮಿಸ್ತ್ರಿ ಪರಾತ ಹಿಡಿದುಕೊಂಡು ಬಂದರು. ಅಂಗಳದಲ್ಲಿ ಗಾಡಿಯನ್ನು ತಲೆಕೆಳಗು ನಿಲ್ಲಿಸಿಕೊಂಡು, ಮುಟ್ಟದೆ, ಎದುರು ಕುಕ್ಕರಗಾಲಲ್ಲಿ ಕೂತರು. ನಮ್ಮ ಮನೆಯವರು ಕಟ್ಟೆಯ ಮೇಲೆ. ನಾನು ಹೊಸ್ತಿಲ ಹತ್ತಿರ.

"ರಾಯರ, ಶನಿವಾರ ಎಲ್ಲಿ ಜಾರಿತು?"

"ಹೇಳಿದೆನಲ್ಲ, ಆಕುರ್ಡಿ ಏರಿನಾಗ."

"ಅದಕ್ಕಿಂತ ಮೊದಲ?"

"ದಾಪೋಡಿ ಸೇತುವೆ ಏರುವಾಗ ಒಮ್ಮೆ ಫರ್ ಅಂತು."

"ಗುರುವಾರ?"

"ಗುರುವಾರ ಛಂದ ಹೋತು, ಛಂದ ಬಂತು."

"ಶುಕ್ರವಾರ?"

"ದಸರಾ ಅಲ್ಲೇನ್ರಿ. ಸೂಟಿ. ಗಾಡಿ ಇಲ್ಲೇ ಕಟ್ಟಿ ಕೆಳಗ ನಿಂತಿತ್ತು. ಮಿಸ್ತ್ರಿ, ನಾಳೆ ಏಳೂವರೆಕ್ಕ ನಾನು ಅಲ್ಲಿರಬೇಕು. ನೀವು ಬರೇ ಕೇಳಿಕೋತ ಕೂತ್ರ ಹೆಂಗ?"

ಮಿಸ್ತ್ರಿ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. "ಗುರುವಾರ ಸಂಜಿಕ ಛಂದ ಇತ್ತು. ಶನಿವಾರ ಮುಂಜಾನಿ ಕೆಟ್ಟಿತ್ತು. ನಡುವ ಗಾಡಿ ಹೊರಗ ಹೋಗಿಲ್ಲ" ಎಂದು ಬೆರಳು ಮಡಿಚಿದರು. "ಅಂದಮ್ಯಾಲ ಕೆಟ್ಟದ್ದು ಮನಿಯಾಗ."

"ನಮ್ಮ ಮನಿಯಾಗ ಏನು ಕೆಡ್ತದರಿ?" ಎಂದು ಅತ್ತೆಯವರು ಒಳಗಿನಿಂದ ಬಂದೇಬಿಟ್ಟರು. ಜಪಮಾಲೆ ಕೈಯಲ್ಲೇ ಇತ್ತು.

ಆಗ ಪಾನಾ ಹಿಡಿದರು. ಒಂಬತ್ತು ಬೋಲ್ಟು ಪರಾತದ ಅಂಚಿಗೆ ಒಂದೊಂದಾಗಿ ಬಂದು ಕೂತವು. ರಬ್ಬರಿನ ಬಳೆಗಳನ್ನು ಬಿಡಿಸಿ ಬೆಳಕಿಗೆ ಹಿಡಿದರು. ಹೆಬ್ಬೆರಳಿಂದ ಉಜ್ಜಿದರು. ಮೂಗಿಗೆ ಹಿಡಿದರು. ಬಹಳ ಹೊತ್ತು ಹಾಗೇ ಹಿಡಿದುಕೊಂಡಿದ್ದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಊರಿನವರು ಯಾರೋ ಬಹಳ ದಿನಗಳ ಮೇಲೆ ಕಂಡ ಹಾಗಿತ್ತು.

"ಇದು ಮಷೀನಿನ ಎಣ್ಣಿ ಅಲ್ಲರಿ. ಒಗ್ಗರಣಿ ಎಣ್ಣಿ. ಕುಸುಬಿ."

ಹೊಸ್ತಿಲ ಹತ್ತಿರ ಕೂತಿದ್ದವಳು ಎದ್ದು ನಿಂತೆ.

ಗುರುವಾರ ಖಂಡೇನವಮಿ. ನರಗುಂದದ ನನ್ನ ತವರಿನಲ್ಲಿ ಆ ದಿನ ಕಬ್ಬಿಣದ ವಸ್ತುಗಳಿಗೆಲ್ಲ ಅಭ್ಯಂಜನ. ಕುಡಗೋಲು, ಈಳಿಗೆ, ತಕ್ಕಡಿ, ಕಡೆಗೆ ಬಾವಿಯ ಗಡಗಡಿಗೂ ಎಣ್ಣೆ ಹಚ್ಚಿ, ತಿಕ್ಕಿ, ಒರೆಸಿ, ಆಮೇಲೆ ಕುಂಕುಮ ಹೂವು. ವರ್ಷವಿಡೀ ತುಕ್ಕು ಹಿಡಿಯದಿರಲಿ ಎಂದು. ಪುಣೆಯಲ್ಲಿ ನಮ್ಮ ಮನೆಯ ಆಯುಧವೆಂದರೆ ಈ ಗಾಡಿಯೇ. ನಮ್ಮೆಲ್ಲರ ಅನ್ನ ಅದರ ಮೇಲಿದೆ. ಎಣ್ಣೆ ಸಿಗದ ಕಾಲ, ಆದರೂ ಎರಡು ವಾರದಿಂದ ಒಗ್ಗರಣೆಯಲ್ಲಿ ಒಂದೊಂದು ಚಮಚ ಉಳಿಸಿ ಅರ್ಧ ಬಟ್ಟಲು ಮಾಡಿದ್ದೆ. ಗುರುವಾರ ಅವರು ಡಿಪೋದಿಂದ ಬಂದು ಕೈಕಾಲು ತೊಳೆಯಲು ಹೋದಾಗ ಮುಂದಿನಿಂದ ಹಿಂದಿನತನಕ ಹಚ್ಚಿದೆ. ಉಳಿದದ್ದನ್ನು ಹಿಂದಿನ ಗಾಲಿಯ ನಡುವೆ, ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವುದು ಅದೇ ಅಲ್ಲವೇ ಎಂದು, ಪೂರ್ತಿ ಸುರಿದೆ. ಆಮೇಲೆ ಚೊಕ್ಕಾಗಿ ಒರೆಸಿ ಕುಂಕುಮ ಇಟ್ಟೆ. ಗಾಡಿ ಕೆಟ್ಟ ಮೇಲೂ ನನಗೆ ಇದು ಹೊಳೆದಿರಲಿಲ್ಲ. ಹೊಳೆಯುವುದಾದರೂ ಹೇಗೆ? ಬಾಗಿಲು ಕಿರುಗುಟ್ಟಿದರೆ ಎಣ್ಣೆ, ಕಿವಿ ನೊಂದರೆ ಎಣ್ಣೆ, ಮೊಣಕಾಲಿಗೆ ಎಣ್ಣೆ. ಎಣ್ಣೆಯಿಂದ ಕೆಡುವ ವಸ್ತುವೂ ಒಂದಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಮಿಸ್ತ್ರಿ ನನ್ನ ಕಡೆ ನೋಡಿದರು. ಒಂದೇ ಸಲ. ಆಮೇಲೆ ರಬ್ಬರನ್ನು ಪರಾತದಲ್ಲಿಟ್ಟು ನಮ್ಮ ಮನೆಯವರಿಗೆ ಹೇಳಿದರು: "ರಬ್ಬರ ಹಳೇದರಿ ರಾಯರ. ಮೊದಲ ಯಾವ ಗಾಡ್ಯಾಗ ಇತ್ತೋ, ಎಂಥೆಂಥಾ ಎಣ್ಣಿ ಕುಡದಿತ್ತೋ. ಬಿಸಿಲಿಗೆ ಈಗ ಹೊರಗ ಬಿಟ್ಟೈತಿ."

ಕಾರಣ ಸಿಕ್ಕುವತನಕ ಪಾನಾ ಮುಟ್ಟದ ಮನುಷ್ಯ, ಸಿಕ್ಕ ಕಾರಣವನ್ನು ನನಗಾಗಿ ಮುಚ್ಚುತ್ತಿದ್ದರು. ಅದು ನನಗೆ ತಡೆಯಲಾಗಲಿಲ್ಲ.

"ಅಲ್ಲರಿ. ನಾನ ಹಾಕೇನಿ. ಖಂಡೇನವಮಿಗೆ."

ಮೊದಲು ಮಾತು ಬಂದದ್ದು ಅತ್ತೆಯವರಿಗೆ. "ಗಂಡನ ತಲಿಗೆ ಹಚ್ಚಲಿಕ್ಕೆ ಎಣ್ಣಿ ಇಲ್ಲ. ಫಟಫಟಿಗೆ ಅಭ್ಯಂಜನ. ಆರತಿ ಮಾಡಿ ಉಡಿ ತುಂಬಲಿಲ್ಲೇನು?"

ನಮ್ಮ ಮನೆಯವರು ನನ್ನ ಕಡೆ ನೋಡದೆ ಕಟ್ಟೆಯಿಂದ ಎದ್ದರು. ಬೈದಿದ್ದರೆ ಹಗುರಾಗುತ್ತಿತ್ತು. ಪೆಟ್ರೋಲಿನ ಡಬ್ಬಿ ತಂದು ಮಿಸ್ತ್ರಿಯವರ ಮುಂದಿಟ್ಟರು. ಅದರಲ್ಲಿ ತೊಳೆದರೆ ಹೋಗುತ್ತದೆ ಎಂದು.

"ಪೆಟ್ರೋಲಿಗೆ ರಬ್ಬರ ಉಬ್ಬತೈತಿ. ಚಿಮಣಿ ಎಣ್ಣಿಗೂ ಅಷ್ಟ" ಎಂದರು ಮಿಸ್ತ್ರಿ. "ಒರಸಿದ್ರ ಹೋಗೂದಿಲ್ಲ, ಒಳಗ ಇಳದೈತಿ. ಬ್ಯಾರೆ ಟಾಯರ ಕೊಯ್ಯೂಣು ಅಂದ್ರ ಇವತ್ತ ಬಜಾರ ಬಂದ್ ಐತಿ." ಪೆನ್ಸಿಲನ್ನು ಕಿವಿಯಿಂದ ತೆಗೆದು ಮತ್ತೆ ಕಿವಿಗೇ ಇಟ್ಟರು. ಅವರಿಗೆ ತಿಳಿಯದಾಗ ಹಾಗೆ ಮಾಡುತ್ತಿದ್ದರು.

ನಾನು ಮೆಲ್ಲಗೆ, "ತಲಿ ಎಣ್ಣಿ ಹೋಗಲಿಕ್ಕೆ ನಾವು ಸೀಗೀಪುಡಿ ಹಚ್ತೀವಿ" ಎಂದೆ.

ಅತ್ತೆಯವರು ಹಣೆ ಬಡಿದುಕೊಂಡರು. ಮಿಸ್ತ್ರಿ ಮಾತ್ರ ನನ್ನ ಕಡೆ ತಿರುಗಿ ಕೂತರು. ವಕೀಲರನ್ನು ನಿಲ್ಲಿಸಿ ಕೇಳಿದಾಗ ಅವರ ಮುಖ ಹೀಗೇ ಇದ್ದಿರಬೇಕು.

"ಎಷ್ಟ ಸರತಿ ಹಚ್ಚತೀರಿ?"

"ಎರಡು. ಭಾಳ ಎಣ್ಣಿ ಇದ್ರ ಮೂರು."

"ನೀರು?"

"ಕೈ ತಡಕೊಳ್ಳೂವಷ್ಟು ಬಿಸಿ."

"ಜಿಡ್ಡ ಉಳದೈತೋ ಹೋಗೇತೋ, ಹೆಂಗ ತಿಳೀತೈತಿ?"

"ಕೂದಲಾ ಬೆರಳಾಗ ಹಿಡದು ಜಗ್ಗಿದ್ರ ಕಿರ್ ಅಂತಾವ. ಅನ್ನಲಿಲ್ಲ ಅಂದ್ರ ಜಿಡ್ಡು ಅದ."

"ಕಿರ್ ಅಂತಾವ" ಎಂದು ಅವರೂ ಅಂದರು. "ಒ‌ಲಿ ಹಚ್ಚರಿ ಬಾಯಾರ."

ಬಚ್ಚಲ ಹಂಡೆಯಲ್ಲಿ ನೀರು ಕಾಸಿದೆ. ರಬ್ಬರಿನ ಎರಡು ಬಳೆಗಳಿಗೆ ಸೀಗೆಪುಡಿ ಕಲಸಿ ಹಚ್ಚಿ, ಎರಡು ಹೆಣ್ಣುಮಕ್ಕಳಿಗೆ ಎರೆಯುವ ಹಾಗೆ ತಿಕ್ಕಿ ಎರೆದೆ. ಮೊದಲ ಸಲ ಕಂದು ನೊರೆ ಬಂತು. ಎರಡನೆಯ ಸಲ ನೀರಿನ ಮೇಲೆ ಕಣ್ಣು ಕಣ್ಣಾಗಿ ಎಣ್ಣೆ ತೇಲಿತು. ಮಿಸ್ತ್ರಿ ಬಚ್ಚಲ ಬಾಗಿಲಲ್ಲಿ ನಿಂತು ಅದನ್ನೇ ನೋಡುತ್ತಿದ್ದರು. ನಾಲ್ಕನೆಯ ಸಲ ಹೆಬ್ಬೆರಳು ಒತ್ತಿ ಎಳೆದೆ. ಕಿರ್ ಎಂದಿತು. ಅವರ ಕೈಗೆ ಕೊಟ್ಟೆ. ಅವರು ಪೆನ್ಸಿಲನ್ನು ರಬ್ಬರಿಗೆ ಹಚ್ಚಿ ಕಿವಿಗೆ ಹಚ್ಚಿ ಎಳೆದು ನೋಡಿ, "ಹೌದ್ರಿ" ಎಂದರು.

ಬಳೆಗಳನ್ನು ಅಂಗಳದ ಕಲ್ಲಿನ ಮೇಲೆ ಸಂಡಿಗೆ ಒಣಗಿಸಿದ ಹಾಗೆ ತಿರುವಿ ತಿರುವಿ ಒಣಗಿಸಿದೆ. ಅಷ್ಟರಲ್ಲಿ ಅವರು ಕಡ್ಡಿಗಳನ್ನು ಒಂದೊಂದಾಗಿ ಬೂದಿಯಿಂದ ಉಜ್ಜಿ ಒರೆಸಿದರು. ಮುರಿದ ಕಡ್ಡಿಗೆ ಹೊಸದು ಹಾಕಿದರು. ಇನ್ನೂ ನಾಲ್ಕು ಬಾಗಿದ್ದವು. ಅವನ್ನು ಬೆರಳಿಂದ ನೆಟ್ಟಗೆ ಮಾಡುತ್ತ, ತಲೆ ಎತ್ತದೆ, ನಮ್ಮ ಮನೆಯವರಿಗೆ ಹೇಳಿದರು: "ರಾಯರ, ಬಾಯಾರು ಹಾಕಿದ್ದು ಎಣ್ಣಿ. ತೊಳದ್ವಿ, ಹೋತು. ನಿನ್ನೆ ನೀವು ಹಾಕಿದ್ದು ಜೋರು. ಅದಕ್ಕ ಸೀಗೀಪುಡಿ ಇಲ್ಲ ನೋಡ್ರಿ."

ನಮ್ಮ ಮನೆಯವರ ತುಟಿ ಒಂದು ಮಗ್ಗುಲಿಗೆ ಸರಿಯಿತು. ನಗುವೋ ಅಲ್ಲವೋ ತಿಳಿಯಲಿಲ್ಲ.

ಬೋಲ್ಟು ಬಿಗಿಯುವುದನ್ನು ನಾನು ಹತ್ತಿರ ಕೂತು ನೋಡಿದೆ. ಒಂದಕ್ಕೆ ಅರ್ಧ ಸುತ್ತು. ಪಕ್ಕದ ಮೂರನ್ನು ಬಿಟ್ಟು ಮುಂದಿನದಕ್ಕೆ ಅರ್ಧ ಸುತ್ತು. ಮತ್ತೆ ಮೂರು ಬಿಟ್ಟು ಇನ್ನೊಂದಕ್ಕೆ. ಒಂಬತ್ತೂ ಮುಗಿದ ಮೇಲೆ ಮೊದಲನೆಯದಕ್ಕೆ ಮತ್ತೆ. ಸಾಲಾಗಿ ಯಾಕೆ ಬಿಗಿಯುವುದಿಲ್ಲ ಎಂದು ಕೇಳಿದೆ. "ಒಂದ ಕಡೆ ಕೂಡಿಸಿ ಬಿಗದ್ರ ಇನ್ನೊಂದ ಕಡೆ ಬಾಯಿ ತೆರೀತೈತಿ. ಉಪ್ಪಿನಕಾಯಿ ಭರಣಿಗೆ ಅರಿಬಿ ಕಟ್ಟೂವಾಗ ನೀವು ಹೆಂಗ ಕಟ್ಟತೀರಿ?" ಎಂದರು. ಸುತ್ತಲೂ ಒಂದೊಂದು ಕಡೆ ಸ್ವಲ್ಪ ಸ್ವಲ್ಪವೇ ಎಳೆದು. ಅದನ್ನು ಅವರು ಎಲ್ಲಿ ನೋಡಿದ್ದರೋ.

ಸಂಜೆ ನಮ್ಮ ಮನೆಯವರು ಲಕಡಿ ಪೂಲಿನತನಕ ಹೋಗಿ ಬಂದರು. ಜಾರಲಿಲ್ಲ. ಮಿಸ್ತ್ರಿ ಮಾತ್ರ ಆಯಿತು ಅನ್ನಲಿಲ್ಲ. "ಇಲ್ಲಿ ಸಪಾಟ ಐತಿ, ರಬ್ಬರ ಕಚ್ಚಿ ನಿಂತತಿ. ಆಕುರ್ಡಿ ಏರು ಏನಂತೈತೋ ನಾಳೆ ನೋಡೂಣು" ಎಂದು ಪರಾತ ಎತ್ತಿಕೊಂಡು ಹೋದರು.

ಸೋಮವಾರ ಬೆಳಿಗ್ಗೆ ಆರಕ್ಕೆ ನೂಕಿದೆ. ಹಿಂದಿನ ಮಧ್ಯಾಹ್ನದಿಂದ ನಮ್ಮ ಮನೆಯವರು ನನ್ನೊಡನೆ ನಾಲ್ಕು ಮಾತು ಆಡಿರಲಿಲ್ಲ. ಗಾಡಿ ಫಟ್ ಎಂದಾಗ ತಿರುಗಿ ನೋಡದೆ, "ಹೋಗಿ ಬರ್ತೇನಿ" ಎಂದರು. ಹೊಗೆ ಓಣಿಯ ತಿರುವಿನತನಕ ಇತ್ತು, ಆಮೇಲೆ ಅದೂ ಇಲ್ಲ.

ಸಂಜೆ ಆರರತನಕ ನನಗೆ ಏನೂ ತಿಳಿಯುವಂತಿರಲಿಲ್ಲ. ಅವರು ಹಲ್ಲು ಕಚ್ಚಿಕೊಂಡು ಯಾವುದೋ ಬಂಡಿಯ ಮೇಲೆ ಬಂದರೂ ಸಂಜೆಗೇ, ನಗುತ್ತ ಬಂದರೂ ಸಂಜೆಗೇ. ಏಳೂವರೆ ಆಯಿತು. ಈಗ ಭೋಂಗಾ ಆಗಿರಬೇಕು ಎಂದುಕೊಂಡೆ. ಒಲೆ ಹಚ್ಚಲು ಕೈ ಬರಲಿಲ್ಲ. ಅತ್ತೆಯವರಿಗೆ ಹಿಂದಿನ ದಿನದ ರೊಟ್ಟಿ, ಮೊಸರು ಹಾಕಿಕೊಟ್ಟೆ. ಅವರು ಅರ್ಧ ತಿಂದು ತಾಟು ಸರಿಸಿ, "ಕೆಲಸ ಹೋದ್ರ ನರಗುಂದಕ್ಕ ಬರದು ಹಾಕು, ನಿಮ್ಮಪ್ಪ ಎಣ್ಣಿ ಕಳಸಲಿ" ಎಂದರು. ಆದರೆ ಜಪಮಾಲೆ ಹಿಡಿದು ಬಾಗಿಲಿಗೇ ಬಂದು ಕೂತರು. ಒಳಗೆ ಹೋಗಲಿಲ್ಲ.

ಒಂಬತ್ತಾಯಿತು, ಹತ್ತಾಯಿತು. ಜೋಳ ತೆಗೆದುಕೊಂಡು ಗಿರಣಿಗೆ ಹೋಗುವ ನೆವದಿಂದ ಮಿಸ್ತ್ರಿಯನ್ನಾದರೂ ಕೇಳಿಬರೋಣ ಎಂದು ಹೋದರೆ ಅಂಗಡಿಯ ಹಲಗೆ ಹಾಕಿತ್ತು. ಗಿರಣಿಯವನು, ಬೆಳಿಗ್ಗೆ ಐದಕ್ಕೇ ಎಲ್ಲಿಗೋ ಹೋದರು ಎಂದ. ಆ ದಿನವೇ ಅವರೂ ಇಲ್ಲವಲ್ಲ ಎಂದು ನನಗೆ ಸಿಟ್ಟು ಬಂತು.

ಹನ್ನೊಂದೂವರೆಯ ಹೊತ್ತಿಗೆ ವಾಡೆಯ ಬಾಗಿಲಲ್ಲಿ ನೆರಳು ಬಿತ್ತು. ಮಿಸ್ತ್ರಿ. ಟೊಪ್ಪಿಗೆ ಕೈಯಲ್ಲಿತ್ತು. ಹುಬ್ಬು, ಮೀಸೆ, ಕಿವಿ, ಎಲ್ಲ ಒಂದೇ ಬಣ್ಣದ ಧೂಳು. ಧೋತರವನ್ನು ಮೊಣಕಾಲಿನ ಮೇಲೆ ಕಟ್ಟಿದ್ದರು. ಒಂದು ಕೈಯಲ್ಲಿ ಸೈಕಲ್, ಅದರ ಹ್ಯಾಂಡಲಿಗೆ ಪಾನಾದ ಚೀಲ.

"ಮುಟ್ಯಾರ, ಬಾಯಾರ" ಎಂದರು. "ಭೋಂಗಾಕಿಂತ ಮೊದಲ ಒಳಗ ಹೋಗ್ಯಾರ. ಏರಿನಾಗೂ ರಬ್ಬರ ಕಚ್ಚಿ ನಿಂತತಿ."

ಅತ್ತೆಯವರ ಜಪಮಾಲೆ ನಿಂತಿತು. ನಾನು ಹೊಸ್ತಿಲು ದಾಟಿ ಹೋಗಿ ಕೇಳಿದೆ, "ನಿಮಗ ಹೆಂಗ ಗೊತ್ತಾತು?"

"ಗೇಟಿನ ಪಠಾಣನ್ನ ಕೇಳಿದೆ. ಕಾಲ ಎಳೀತಾರ, ಫಟಫಟಿ ಮ್ಯಾಲ ಬರತಾರ, ಬಂದ್ರೇನು ಅಂದೆ. ಅಂವ ನಕ್ಕ. ಏಳಕ್ಕ ಹತ್ತ ಮಿನಿಟ ಕಮ್ಮಿ ಇತ್ತು, ಗಿಡದ ಕೆಳಗ ಕುಂತು ಬೀಡಿ ಸೇದಿ ಆಮ್ಯಾಲ ಒಳಗ ಹೋದ್ರು ಅಂದ."

ದೇಹೂ ರೋಡಿಗೆ ಹದಿನೈದು ಹದಿನಾರು ಮೈಲಿ. ಐವತ್ತೈದು ದಾಟಿದ ಮನುಷ್ಯ, ತುಳಿದುಕೊಂಡು. "ಅಲ್ಲೀತನಕ ಯಾಕ ಹೋದ್ರಿ?" ಎಂದು ಕೇಳಿದೆ.

"ನಾನು ಮೊದಲ ಬಿಟ್ಟೆ. ದಾಪೋಡಿ ಹತ್ರ ನನ್ನ ದಾಟಿದ್ರು, ಅವರು ನೋಡಲಿಲ್ಲ. ಏರಿನಾಗ ಜಾರಿದ್ರ ಯಾರ ಬಿಗೀಬೇಕು ಮತ್ತ? ಇಲ್ಲೇ ಕುಂತು ಏರಿನ ಸುದ್ದಿ ಕೇಳಾಕ ಬರೂದಿಲ್ಲ."

ನಾನು ತಂಬಿಗೆ ತರಲು ತಿರುಗಿದೆ. ಅತ್ತೆಯವರು ಆಗಲೇ ಎದ್ದಿದ್ದರು. ಬೆಲ್ಲ ನೀರು ಹಿಡಿದು ಬಂದರು. ಮಿಸ್ತ್ರಿ ಬೆಲ್ಲ ಬಾಯಿಗಿಟ್ಟುಕೊಂಡು ಎರಡು ತಂಬಿಗೆ ನೀರು ಕುಡಿದರು, ಮೂರನೆಯದನ್ನು ತಲೆಯ ಮೇಲೆ ಸುರಿದುಕೊಂಡರು. ಕೂಡಿರಿ, ಅಡಿಗೆ ಮಾಡುತ್ತೇನೆ ಎಂದರೆ ಕೂಡಲಿಲ್ಲ. ಸೈಕಲ್ ತಿರುಗಿಸಿ ನೂಕಿಕೊಂಡು ಹೊರಟರು. ಆಗ ನೋಡಿದೆ, ಅವರ ಹಿಂದಿನ ಗಾಲಿ ಪೂರ್ತಿ ನೆಲಕ್ಕೆ ಕೂತಿತ್ತು. ರಿಮ್ಮು ಕಲ್ಲಿನ ಮೇಲೆ ಕಟಕಟ ಎನ್ನುತ್ತಿತ್ತು.

"ಮಿಸ್ತ್ರಿಯವರ, ಗಾಲಿ."

"ಭಾಂಬುರ್ಡ್ಯಾದಾಗ ಕುಂತಿತು" ಎಂದರು, ನಿಲ್ಲದೆ. "ಅಲ್ಲೇ ಬಿಚ್ಚಿ ಪಟ್ಟಿ ಹಚ್ಚಿದ್ರ ಇನ್ನ ಅರ್ಧ ತಾಸು. ನೀವು ಮುಂಜಾನಿಂದ ಉಂಡಿರಲಿಕ್ಕಿಲ್ಲ ಅಂತ ಹಂಗ ನೂಕಿಕೋತ ಬಂದೆ. ಹೋಗ್ರಿ, ಒಲಿ ಹಚ್ಚರಿ."